ಕೆರೆ ಬಲಗೈಗಿರಲಿ

ಗಾಜಿಪುರದ ನಮ್ಮ ಮನೆಯ ಹೊಸ್ತಿಲ ಪಕ್ಕದಲ್ಲಿ ಒಂದು ಜೊತೆ ಬಿಳಿ ಕ್ಯಾನ್ವಾಸ್ ಶೂಗಳು ಹದಿನಾಲ್ಕು ತಿಂಗಳ ಕಾಲ ನಿಷ್ಕಳಂಕವಾಗಿ ಕುಳಿತಿದ್ದವು. ಕಲಬುರಗಿಯ ಧೂಳನ್ನು ಬಲ್ಲವರಿಗೆ ಇದು ಸಾಮಾನ್ಯ ಸಂಗತಿಯಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಇಲ್ಲಿ ಬೆಳಿಗ್ಗೆ ಒಗೆದು ಹರವಿದ ಧೋತರ ಮಧ್ಯಾಹ್ನದ ಹೊತ್ತಿಗೆ ತನ್ನ ಮೂಲವರ್ಣವನ್ನು ಮರೆತಿರುತ್ತದೆ. ಹೀಗಿರುವಾಗ ಒಂದು ವಸ್ತು ವರ್ಷ ಕಳೆದರೂ ಬಿಳಿಯಾಗಿಯೇ ಉಳಿದಿದೆಯೆಂದರೆ ಅದು ದೇವರ ಮಹಿಮೆಯಾಗಿರಬೇಕು, ಇಲ್ಲವೇ ಅದರ ಒಡತಿ ಅದನ್ನು ಕಾಲಿಗೆ ತೊಡದೆ ವಾರಕ್ಕೊಮ್ಮೆ ಒರೆಸಿಡುತ್ತಿರಬೇಕು. ನಮ್ಮ ಮನೆಯ ಪವಾಡ ಎರಡನೆಯ ಬಗೆಯದು.

ಒಡತಿ ನನ್ನ ಹೆಂಡತಿ ಶರಣಮ್ಮ. ಬಲಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿ ಹೊಸ ಕೀಲು ಕೂಡಿಸಿದ ಮೇಲೆ ದಿನಾಲೂ ನಡೆಯಬೇಕೆಂದು ಡಾಕ್ಟರು ಅಪ್ಪಣೆ ಕೊಟ್ಟಿದ್ದರು. ಮರುದಿನವೇ ನಾನು ಶಹಾಬಜಾರಿಗೆ ಹೋಗಿ, ಗಲ್ಲಿಯ ಮೂರು ಅಂಗಡಿ ಹತ್ತಿಳಿದು, ಆ ಶೂಗಳನ್ನು ತಂದಿದ್ದೆ. ತಂದವನು ನಾನೇ, ಆಕೆ ತೊಡದಂತೆ ಮಾಡಿದವನೂ ನಾನೇ. ಅಂಗಳ ದಾಟಿದರೆ "ಹುಷಾರು", ಓಣಿಯ ತಿರುವಿಗೆ ಹೋದರೆ "ಸಾಕು, ಬಾ", ಗುಡಿಗೆ ಹೊರಟರೆ "ತಡಿ, ಆಟೋ ತರತೀನಿ". ಪ್ರೀತಿಗೆ ನಾನಾ ರೂಪಗಳಿವೆಯಂತೆ. ನನ್ನದು ಆಟೋ ರೂಪದಲ್ಲಿತ್ತು.

ಭಯಕ್ಕೆ ಕಾರಣವೂ ಇತ್ತೆನ್ನಿ. ಶಸ್ತ್ರಚಿಕಿತ್ಸೆಗೆ ಮೊದಲು ಒಂದು ದಿನ ಅದೇ ಶಹಾಬಜಾರದ ಗಲ್ಲಿಯಲ್ಲಿ ಬಳೆ ಅಂಗಡಿಯ ಮೆಟ್ಟಿಲಿಗೆ ಒಂದು ಕಾಲಿಟ್ಟ ಶರಣಮ್ಮ ಇನ್ನೊಂದನ್ನು ಎತ್ತಲಾರದೆ, ಇಟ್ಟದ್ದನ್ನು ಇಳಿಸಲಾರದೆ, ಗೋಡೆ ಹಿಡಿದು ನಿಂತುಬಿಟ್ಟಿದ್ದಳು. ಎದುರು ಬದಿಯಲ್ಲಿ ಮೆಂತ್ಯೆ ಸೊಪ್ಪಿನ ಚೀಲ ಹಿಡಿದಿದ್ದ ನನಗೆ ಎದೆ ಧಸಕ್ಕೆಂದಿತು. ನಡುವೆ ಇದ್ದುದು ಎಂಟು ಹೆಜ್ಜೆಯ ಗಲ್ಲಿ. ಅದನ್ನು ದಾಟುವಷ್ಟರಲ್ಲಿ ನಾನು ಪಟ್ಟ ಹೆದರಿಕೆಯನ್ನು ಇಂದಿನವರೆಗೂ ಆಕೆಗೆ ಪೂರ್ತಿ ಹೇಳಿಲ್ಲ. ಅಂದಿನಿಂದ ಆಕೆ ದಾರಿ ನೋಡಿ ನಡೆದರೆ ನಾನು ಆಕೆಯ ಕಾಲು ನೋಡಿ ನಡೆಯುತ್ತೇನೆ. ಹಾಗಾಗಿ ಇಬ್ಬರಲ್ಲಿ ಎಡವುವವನು ಯಾವಾಗಲೂ ನಾನೇ.

ಶರಣಮ್ಮನ ತವರು ಕಮಲಾಪುರ, ಕೆಂಬಾಳೆಗೆ ಹೆಸರಾದ ಊರು. ಆ ಮನೆತನದಲ್ಲೊಂದು ಪದ್ಧತಿಯಿದೆ. ತೋಟದ ಮೊದಲ ಗೊನೆಯ ಹಣ್ಣನ್ನು ಶ್ರಾವಣದಲ್ಲಿ ಮನೆಯ ಹೆಣ್ಣುಮಕ್ಕಳೇ ಹೊತ್ತು, ದಾರಿಯಲ್ಲಿ ಒಂದು ವಸತಿ ಮಾಡಿ, ಕಾಲ್ನಡಿಗೆಯಲ್ಲಿ ಕಲಬುರಗಿಯ ಶರಣಬಸವೇಶ್ವರರ ಗುಡಿಗೆ ತಂದು ಒಪ್ಪಿಸಬೇಕು. ಗಾಡಿ ಹತ್ತುವಂತಿಲ್ಲ, ಹಣ್ಣನ್ನು ಗಂಡಸರ ಕೈಗೆ ಕೊಡುವಂತಿಲ್ಲ. ಗಂಡಸರಿಗೆ ಅಷ್ಟು ಭಕ್ತಿಯಿದ್ದರೆ ನೀರಿನ ಕ್ಯಾನು ಹೊತ್ತು ಹಿಂದೆ ಬರಬಹುದು. ಮದುವೆಯಾಗಿ ಗಾಜಿಪುರ ಸೇರಿದ ಮೇಲೂ ಶರಣಮ್ಮ ಒಂದು ವರ್ಷವೂ ತಪ್ಪಿಸಿದವಳಲ್ಲ. ಕಾಲು ಕೈಕೊಟ್ಟ ಮೇಲೆ ಎರಡು ಶ್ರಾವಣ ತಪ್ಪಿದ್ದವು. ಸತತ ಮೂರು ತಪ್ಪಿದರೆ ಹೊರುವ ಸರದಿ ಮನೆಯ ಕಿರಿಯ ಹೆಣ್ಣುಮಗಳಿಗೆ ಹೋಗುತ್ತದೆ, ಮತ್ತೆ ಹಿಂದಿರುಗುವುದಿಲ್ಲ. ಇದು ಅವರ ಮನೆಯ ಅಲಿಖಿತ ಕಾನೂನು. ಈ ಸಲ ಆಷಾಢ ಕಾಲಿಡುತ್ತಲೇ ಆಕೆಯ ಅಕ್ಕ ಗುರಮ್ಮನ ಫೋನು ಬಂತು.

"ಏನಂತಿ ತಂಗಿ, ಬರ್ತಿಯೋ, ನಿನ್ನ ಸರದಿ ಬ್ಯಾರೇದವ್ರಿಗಿ ಕೊಡ್ಲೋ?"

"ಬರ್ತೀನಿ" ಎಂದು ಇವಳು ನನ್ನ ಮುಖ ನೋಡದೆಯೇ ಹೇಳಿಬಿಟ್ಟಳು. ಫೋನು ಇಟ್ಟ ಮೇಲೆ ಮನೆಯಲ್ಲಿ ನಡೆದ ವಾಗ್ಯುದ್ಧದ ವಿವರ ಬೇಡ. ಸೋಲುವ ಲಕ್ಷಣ ಕಂಡಾಗ ನಾನೊಂದು ಕರಾರು ಮುಂದಿಟ್ಟೆ: ಕಮಲಾಪುರದ ಆಚೆ ಗುಡ್ಡಗಳ ನಡುವೆ ಕೆರೆಯ ಸುತ್ತ ಕಾಡಿನಲ್ಲಿ ಹೊಸದಾಗಿ ಕಾಲುದಾರಿ ಮಾಡಿದ್ದಾರೆ, ಅದನ್ನು ಒಂದು ಸುತ್ತು, ಎಲ್ಲಿಯೂ ಕುಳಿತುಕೊಳ್ಳದೆ, ನಡೆದು ತೋರಿಸಿದರೆ ಹೋಗು, ನಡುವೆ ಕುಳಿತರೆ ಮಾತು ಮುಗಿಯಿತು. ಶರಣಮ್ಮ ಒಪ್ಪಿದಳು. ನಾನು ಸಂತೋಷಪಟ್ಟೆ. ಪ್ರಿಯ ಓದುಗರೇ, ನಿಮ್ಮಲ್ಲಿ ಮುಚ್ಚುಮರೆ ಯಾಕೆ? ಆಕೆ ಸೋಲಲಿ ಎಂದೇ ನಾನು ಆ ಕೆರೆಯನ್ನು ಆರಿಸಿದ್ದೆ. ಅರ್ಧ ದಾರಿಯಲ್ಲಿ ಒಂದು ಕಲ್ಲಿನ ಮೇಲೆ ಕುಳಿತು "ಆಗಂಗಿಲ್ರೀ" ಎಂದುಬಿಟ್ಟರೆ, ಆಮೇಲೆ ನಾನು ಉದಾರಹೃದಯದಿಂದ ಸಮಾಧಾನಪಡಿಸಿದರೆ, ಮುಂದಿನ ಶ್ರಾವಣಗಳೆಲ್ಲ ನನ್ನ ಪಾಲಿಗೆ ನಿರ್ಭಯವಾಗಿರುತ್ತವೆ ಎಂಬುದು ನನ್ನ ಲೆಕ್ಕಾಚಾರ.

ನಮ್ಮ ಜಿಲ್ಲೆಯ ಹೆಸರೆತ್ತಿದರೆ ಬಿಸಿಲು ಮತ್ತು ತೊಗರಿಬೇಳೆ ಎರಡೇ ನೆನಪಾಗುವ ಸಜ್ಜನರು ಬೇಕಾದಷ್ಟಿದ್ದಾರೆ. ಧಾರವಾಡದ ನನ್ನ ಬೀಗರೊಬ್ಬರಂತೂ "ನಿಮ್ಮ ಕಡೆ ಗಿಡ ಅಂತ ಅದಾವೇನ್ರಿ?" ಎಂದು ಊಟದ ಎಲೆಯ ಮುಂದೆಯೇ ಕೇಳಿದ್ದರು, ಅದೂ ನಮ್ಮ ಬೇಳೆಯನ್ನು ಎರಡನೆಯ ಸಲ ಬಡಿಸಿಕೊಳ್ಳುತ್ತ. ಅವರನ್ನು ಕಮಲಾಪುರದ ಆಚೆ ನಿಲ್ಲಿಸಬೇಕು. ಕಲಬುರಗಿಯ ಕಪ್ಪು ನೆಲ ಹಿಂದೆ ಸರಿದು ಕೆಂಪು ಮಣ್ಣು ಶುರುವಾಗುತ್ತದೆ. ಒಂದು ಮಳೆ ಬಿದ್ದರೆ ಸಾಕು, ತೇಗ, ಮುತ್ತುಗ, ಸೀತಾಫಲದ ಪೊದೆಗಳು ಗುಡ್ಡಗಳನ್ನೆಲ್ಲ ಮುಚ್ಚಿಬಿಡುತ್ತವೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದ ನಾನು ಇದನ್ನೆಲ್ಲ ಮಕ್ಕಳಿಗೆ ಗೋಡೆಯ ಪಟದ ಮೇಲೆ ಕೋಲಿನಿಂದ ತೋರಿಸಿದ್ದೆ; ಕಾಲಿನಿಂದ ನೋಡುವ ಪ್ರಮೇಯ ಬಂದಿರಲಿಲ್ಲ.

ಕರಾರಿನ ದಿನ ಬೆಳಿಗ್ಗೆ ಶರಣಮ್ಮ ಬಿಳಿ ಶೂ ತೊಟ್ಟು ಕೆರೆಯ ಗೇಟಿನ ಮುಂದೆ ನಿಂತಳು. ಅಲ್ಲಿಯ ಕಾವಲುಗಾರ ಖಾಜಾಸಾಬ್, ನರೆತ ಗಡ್ಡದ ಹಸನ್ಮುಖಿ, ನಮ್ಮನ್ನು ಬರಮಾಡಿಕೊಂಡ. ಗೇಟಿನೊಳಗೆ ಒಂದು ಬಾಣದ ಫಲಕವಿತ್ತು. ಅದು ಬಲಕ್ಕೆ ತೋರಿಸುತ್ತಿತ್ತು. ಶರಣಮ್ಮ ಅದನ್ನೊಮ್ಮೆ ನೋಡಿ ಎಡಕ್ಕೆ ಹೊರಟಳು.

ಭೂಗೋಳದ ಮಾಸ್ತರನೊಬ್ಬನ ಎದುರು ಬಾಣಕ್ಕೆ ಇಂಥ ಅಪಚಾರವೇ! ನಾನು ತಡೆದೆ. ಆಕೆ ನಿಂತಳು, ಆದರೆ ತಿರುಗಲಿಲ್ಲ.

"ಬಾಣ ಹೇಳಿದಂಗ ಹೋದ್ರ ಕೆರಿ ಎಡಗೈಗಿ ಬರ್ತದ. ಗಂಗವ್ವನ್ನ ಎಡಕ್ಕಿಟ್ಟು ಯಾರರೆ ಸುತ್ತತಾರೇನ್ರಿ? ನಾ ಬಲಕ್ಕಿಟ್ಟೇ ಸುತ್ತಾಕಿ."

ನಾನು ಖಾಜಾಸಾಬನ ಕಡೆ ನ್ಯಾಯಕ್ಕಾಗಿ ನೋಡಿದೆ. ಅವನು ನಕ್ಕ.

"ಜಾನೇ ದೋ ಸಾಬ್. ಈ ಕಡೆ ಮಂದಿ ಎಲ್ಲಾ ಹಿಂಗೇ ಹೋಗ್ತಾರ. ನಮ್ಮವರು ಹಜ್‌ಕ ಹೋದ್ರ ಆ ಬಾಣ ತೋರ್ಸಿದಂಗ ಸುತ್ತತಾರ. ಹ್ಯಾಂಗ ಸುತ್ತಿದ್ರೂ ಬರೋಬರ್ ನನ್ನ ಮುಂದೇ ಬರ್ತೀರಿ, ಫಿಕರ್ ಮಾಡಬ್ಯಾಡ್ರಿ."

ಹೀಗೆ ಪ್ರದಕ್ಷಿಣೆ ಆರಂಭವಾಯಿತು. ಇದರ ಪರಿಣಾಮ ನನಗೆ ಗೊತ್ತಾದದ್ದು ಏರಿಯನ್ನು ದಾಟಿ ಕಾಡು ಹೊಕ್ಕ ಮೇಲೆ. ಆ ದಾರಿಯ ಫಲಕಗಳೆಲ್ಲ ಬಾಣದಂತೆ ಬರುವವರ ಕಡೆಗೆ ಮುಖ ಮಾಡಿದ್ದವು. ನಮಗೆ ಕಂಡದ್ದು ಬರೀ ಅವುಗಳ ಬೆನ್ನು. ಇನ್ನೆಷ್ಟು ದೂರವಿದೆ, ಎಲ್ಲಿ ಜಾರುತ್ತದೆ, ಎಲ್ಲಿ ವಿಶ್ರಮಿಸಬೇಕು ಎಂಬ ಲೋಕೋಪಯೋಗಿ ಉಪದೇಶಗಳೊಂದೂ ನಮ್ಮನ್ನು ಮುಟ್ಟಲಿಲ್ಲ. ಶರಣಮ್ಮ ನಿರಕ್ಷರಿಯಂತೆ ನಿರಾಳವಾಗಿ ನಡೆದಳು. ನಾನು ಮಾತ್ರ ಪ್ರತಿಯೊಂದು ಫಲಕವನ್ನೂ ದಾಟಿ, ತಿರುಗಿ ನಿಂತು, ಓದಿ, ಮತ್ತೆ ಓಡಿ ಅವಳನ್ನು ಸೇರುತ್ತಿದ್ದೆ. ಈ ಲೆಕ್ಕದಲ್ಲಿ ಆಕೆ ಒಂದು ಸುತ್ತು ಹಾಕಿದರೆ ನಾನು ಒಂದೂಕಾಲು ಹಾಕಿದ್ದೇನೆ. ನವಿಲೊಂದು ದಾರಿಗಡ್ಡವಾಗಿ ನಿಧಾನವಾಗಿ ದಾಟಿತು. ಸೀತಾಫಲದ ಗಿಡಗಳಲ್ಲಿ ಗೋಲಿಯಷ್ಟು ಕಾಯಿ ಕಟ್ಟಿದ್ದವು. ನಾನು ಎರಡು ಸಲ ಬೆಂಚಿನ ಮೇಲೆ ಕುಳಿತೆ; ಕರಾರು ನನಗೆ ಅನ್ವಯಿಸುವುದಿಲ್ಲವೆಂದು ನೆನಪಿಸಿಕೊಂಡೇ ಕುಳಿತೆ. ಆಕೆ ನನಗಾಗಿ ನಿಂತು ಕಾದಳು.

ಅರ್ಧ ದಾರಿ ಕಳೆದಿರಬೇಕು, ಶರಣಮ್ಮನ ನಡಿಗೆ ಕುಗ್ಗಿತು. ಬಲಗೈ ತಾನಾಗಿ ಮೊಣಕಾಲಿಗೆ ಹೋಗತೊಡಗಿತು. ಮೂಗಿನ ತುದಿಯಲ್ಲಿ ಬೆವರು. ಅಲ್ಲೇ ಒಂದು ಫಲಕದ ಬೆನ್ನಿತ್ತು. ನಾನು ದಾಟಿ ತಿರುಗಿ ಓದಿದೆ. "ದಣಿದವರು ಇಲ್ಲಿಂದ ರಸ್ತೆಗೆ ಹೋಗಬಹುದು" ಎಂದು ಬರೆದಿತ್ತು. ಪಕ್ಕದಲ್ಲೇ ಸವೆದ ಬಂಡಿದಾರಿ, ಅದರ ತುದಿಯಲ್ಲಿ ಡಾಂಬರು ರಸ್ತೆ, ರಸ್ತೆಯ ಮೇಲೆ, ನನ್ನ ಪುಣ್ಯವೋ ಎಂಬಂತೆ, ಒಂದು ಆಟೋ ಕೂಡ ನಿಂತಿತ್ತು. ನಾನು ಬಯಸಿದ್ದ ಗಳಿಗೆ ಇದೇ. ಆದರೆ ಹೇಳದಿದ್ದರೆ ಮೋಸ, ಹೇಳಿದರೂ ಒಂದು ಬಗೆಯ ಮೋಸವೇ ಎಂದು ಆಗ ಮೊದಲ ಸಲ ಅನ್ನಿಸಿತು. ಕೊನೆಗೆ ಹೇಳಿದೆ.

ಶರಣಮ್ಮ ಫಲಕದ ಬೆನ್ನನ್ನೇ ನೋಡಿದಳು, ಮುಖವನ್ನು ನೋಡಲು ಬರಲಿಲ್ಲ.

"ಅದು ಆ ಕಡಿಂದ ಬಂದವ್ರಿಗಿ ಬರ್ದದ್ರೀ. ನಾವು ಈ ಕಡಿಂದ ಬಂದೀವಿ. ನಡೀರಿ."

ನಡೆದೆ. ಇನ್ನೇನು ಮಾಡಲಿ? ಆ ಕ್ಷಣದಿಂದ ನನ್ನೊಳಗೆ ಪಕ್ಷಾಂತರವಾಯಿತು. ಬೆಳಿಗ್ಗೆ ಯಾರು ಸೋಲಲೆಂದು ಹೊರಟಿದ್ದೆನೋ ಅವಳು ಕುಳಿತುಬಿಟ್ಟರೆ ಏನು ಗತಿ ಎಂದು ಈಗ ನಾನೇ ಚಿಂತೆ ಮಾಡತೊಡಗಿದೆ. ಕಂಡ ಕಲ್ಲುಗಳೆಲ್ಲ ಶತ್ರುಗಳಾದವು, ಮುಂದೆ ಬೆಂಚು ಕಂಡರೆ ಆಕೆಯ ಕಣ್ಣಿಗೆ ಬೀಳದಿರಲೆಂದು ನಾನೇ ಅಡ್ಡ ನಡೆದೆ.

ಕೊನೆಯಲ್ಲಿ ಮೆಟ್ಟಿಲುಗಳು ಬಂದವು. ಬಾಣದಂತೆ ಬಂದಿದ್ದರೆ ಅವು ಶುರುವಿನಲ್ಲೇ ಸಿಕ್ಕು, ಇಳಿಯುವ ಮೆಟ್ಟಿಲಾಗಿರುತ್ತಿದ್ದವು. ನಮಗೆ ಏರುವ ಮೆಟ್ಟಿಲಾಗಿ ಎದುರು ನಿಂತವು, ಅದೂ ದಣಿದ ಮೇಲೆ. ಕಲ್ಲಿನವು, ಕಡಿದಾದವು. ಶರಣಮ್ಮ ಮೊದಲ ಮೆಟ್ಟಿಲಿಗೆ ಒಂದು ಕಾಲಿಟ್ಟು ನಿಂತಳು. ಬಳೆ ಅಂಗಡಿಯ ಮುಂದೆ ನಿಂತಂತೆಯೇ ನಿಂತಳು. ಈ ಸಲ ನಡುವೆ ಗಲ್ಲಿಯಿರಲಿಲ್ಲ, ಒಂದು ಮೊಳ ದೂರದಲ್ಲಿದ್ದೆ, ಕೈ ಚಾಚಿದೆ. ಆಕೆ ಹಿಡಿಯಲಿಲ್ಲ. ಆಸ್ಪತ್ರೆಯಲ್ಲಿ ಕಾಲಿನ ಕಸರತ್ತು ಕಲಿಸಿದವರು ಹೇಳಿಕೊಟ್ಟಿದ್ದ ಪಾಠವನ್ನು ಮಂತ್ರದಂತೆ ಗುನುಗಿಕೊಂಡಳು: "ಏರುವಾಗ ಗಟ್ಟಿ ಕಾಲು ಮುಂದ." ಎಡಗಾಲು ಏರಿತು, ಬಲಗಾಲು ಅದರ ಪಕ್ಕ ಬಂದು ನಿಂತಿತು. ಮತ್ತೆ ಎಡ, ಮತ್ತೆ ಬಲ. ಒಂದೊಂದು ಮೆಟ್ಟಿಲಿಗೂ ಒಂದು ಉಸಿರು. ನಾನು ಹಿಂದೆ, ಚಾಚಿದ ಕೈಯನ್ನು ಮಡಚಲು ಮರೆತು.

ಅರ್ಧಕ್ಕೇ ನನ್ನ ಉಸಿರು ಮುಗಿಯಿತು. ಮೂರನೆಯ ಸಲ ಕುಳಿತೆ. ಸುಧಾರಿಸಿಕೊಂಡು ಮೇಲೆ ಬರುವಾಗ ಶರಣಮ್ಮ ಗೇಟಿನ ಕಂಬ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಖಾಜಾಸಾಬ್ ಕುರ್ಚಿ ಹಿಡಿದು ಗೋಗರೆಯುತ್ತಿದ್ದ.

"ಸಾಬ್, ಅಕ್ಕಾವ್ರು ಕುಂದ್ರಲೇ ಒಲ್ಲರು ನೋಡ್ರಿ! ನೀವು ಬಂದು ನೋಡೋತನ ಕುಂದ್ರಲ್ಲ ಅಂತಾರ."

"ನೋಡಿದ್ರಿಲ್ಲೋ?" ಎಂದಳು ಶರಣಮ್ಮ. "ನೋಡಿದೆ" ಎಂದೆ. ಎಂದವನೇ ಆ ಕುರ್ಚಿಯ ಮೇಲೆ ನಾನೇ ಕುಸಿದು ಕುಳಿತೆ. ಖಾಜಾಸಾಬ್ ಇನ್ನೊಂದು ಕುರ್ಚಿ ತರಲು ಓಡಿದ. ಆಕೆ ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ನಾನದನ್ನು ಬೆವರಿನ ಖಾತೆಗೆ ಹಾಕಿದೆ.

ಆಮೇಲೆ ಅಂದಳು, "ಮೊಣಕಾಲಿಗಿ ಏರೋದು ಸಸಾರ್ರೀ, ಇಳಿಯೋದೇ ತ್ರಾಸ. ಬಾಣದ ಮಾತು ಕೇಳಿ ಮೊದಲಿಗೇ ಇಳಿದಿದ್ರ ಅಲ್ಲೇ ಕುಂತು ಬಿಡ್ತಿದ್ದೆ."

ಶ್ರಾವಣದಲ್ಲಿ ಕಮಲಾಪುರದ ಹೆಣ್ಣುಮಕ್ಕಳು ಊರೊಳಗೆ ಬರುವ ಮುಂಜಾನೆ ನಾನು ನಗರದ ಅಂಚಿನ ಕಪನೂರಿನಲ್ಲಿ, ವರ್ಕ್‌ಶಾಪುಗಳ ಸಾಲಿನೆದುರು, ನೀರಿನ ಬಾಟಲಿಗಳ ಚೀಲ ಹಿಡಿದು ರಸ್ತೆಬದಿಗೆ ನಿಂತಿದ್ದೆ. ಮೊದಲು ಹಾಡು ಕೇಳಿಸಿತು, ಆಮೇಲೆ ಸೀರೆಗಳ ಬಣ್ಣ ಕಂಡಿತು. ಎಲ್ಲರ ಮುಂದೆ ಗುರಮ್ಮ. ಅವಳ ಹಿಂದೆ, ಹೊಸ ಬಟ್ಟೆಯಲ್ಲಿ ಸುತ್ತಿದ ಕೆಂಬಾಳೆಯನ್ನು ತಲೆಯ ಮೇಲೆ ಹೊತ್ತು, ಗಟ್ಟಿ ಕಾಲಿಗೊಂದು ಹೊಸ ಕಾಲಿಗೊಂದು ತಾಳ ಹಾಕುತ್ತ ಶರಣಮ್ಮ. ನನಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ವೆಲ್ಡಿಂಗ್ ನಿಲ್ಲಿಸಿ ನೋಡುತ್ತಿದ್ದ ಅಪರಿಚಿತನ ಭುಜ ಹಿಡಿದೆ.

"ಅಕಾ ನೋಡ್ರಿ, ಹಣ್ಣು ಹೊತ್ತಾಕಿ, ಕೆಂಪು ಶೂದಾಕಿ, ನಮ್ಮಾಕೀರೀ!"

"ಹೌದ್ರೇನು? ಭಾಳ ಚಲೋ ಆತು. ಮತ್ತ ನೀವ್ಯಾಕ ನಡೀಲಿಲ್ರೀ?"

ಅವನಿಗೂ ಒಂದು ಬಾಟಲಿ ನೀರು ಕೊಟ್ಟೆ.

ಮುಂದಿನ ಶ್ರಾವಣದಲ್ಲಿ ಕ್ಯಾನು ಹೊತ್ತು ಹಿಂದೆ ನಡೆಯಬೇಕೆಂಬ ಆಸೆಯನ್ನು ಆ ಸಂಜೆಯೇ ಮನೆಯಲ್ಲಿ ತೋಡಿಕೊಂಡೆ. ಶರಣಮ್ಮ ಕಾಲಿಗೆ ಎಣ್ಣೆ ತಿಕ್ಕುತ್ತ, ತಲೆಯೆತ್ತದೆ, ಕರಾರು ಹೇಳಿದಳು: "ಮೊದಲ ಕೆರಿ ಸುತ್ತಿ ತೋರಸ್ರಿ. ಕುಂದ್ರಬಾರ್ದು ಮತ್ತ." ನಾನು ಶಹಾಬಜಾರಿಗೆ ಹೋಗಿ ಅದೇ ಅಂಗಡಿಯಿಂದ ನನಗೂ ಒಂದು ಜೊತೆ ತಂದೆ. ನಾಳೆ ಹೋಗೋಣ, ಈ ಬಿಸಿಲು ಇಳಿಯಲಿ, ಆ ಮಳೆ ನಿಲ್ಲಲಿ ಎನ್ನುತ್ತ ದಿನಗಳು ಹೋಗುತ್ತಿವೆ. ಈಗ ನಮ್ಮ ಹೊಸ್ತಿಲ ಪಕ್ಕದಲ್ಲಿ ಎರಡು ಜೊತೆ ಶೂಗಳಿವೆ. ಕಮಲಾಪುರದ ಮಣ್ಣು ಹತ್ತಿ ಕೆಂಪಾದದ್ದು ಶರಣಮ್ಮನದು. ತೊಳೆಯಲು ನಾನು ಬಿಟ್ಟಿಲ್ಲ, ಬಂದವರಿಗೆಲ್ಲ ಕರೆದು ತೋರಿಸುತ್ತೇನೆ. ಬಿಳಿಯಾಗಿರುವುದು ನನ್ನದು.