ಮಗಳ ಮಣಿಕಟ್ಟು

ಮೊದಲ ಸಲ ಸ್ಕೀ ಮಾಡಲು ಹೋಗುವವರು ಮಣಿಕಟ್ಟಿಗೆ ಗಾರ್ಡು ಹಾಕಿಕೊಳ್ಳಬೇಕೋ ಬೇಡವೋ? ಈ ಪ್ರಶ್ನೆ ಹಿಡಿದುಕೊಂಡು ಕಳೆದ ಚಳಿಗಾಲದಲ್ಲಿ ನಾನು ಕಂಡಕಂಡವರ ತಲೆ ತಿಂದೆ. ಉತ್ತರ ಮಾತ್ರ ಇವತ್ತಿಗೂ ಗೊತ್ತಿಲ್ಲ.

ಹದಿಮೂರರ ಮಗಳು ಗೆಳತಿಯರು ಹೋಗಿಬಂದರೆಂದು ತಾನೂ ಟಾಹೋದ ಹಿಮಬೆಟ್ಟಕ್ಕೆ ಹೋಗಿ ಸ್ಕೀ ಕಲಿಯಬೇಕೆಂದು ಹಟ ಹಿಡಿದಿದ್ದಳು. ಏಪ್ರಿಲ್‌ನಲ್ಲಿ ಅವಳ ಮೊದಲ ವೀಣಾ ಕಛೇರಿ. ಹಾಲ್ ಬುಕ್ ಆಗಿತ್ತು, ಆಹ್ವಾನ ಪತ್ರಿಕೆ ಹಂಚಿಯಾಗಿತ್ತು, ಊಟಕ್ಕೆ ಬಿಸಿಬೇಳೆಬಾತೋ ಪುಳಿಯೋಗರೆಯೋ ಎಂಬ ಜಗಳವೂ ಮುಗಿದಿತ್ತು. ಮೈಸೂರಿನಿಂದ ನನ್ನ ಅಮ್ಮ ಬರುವವರಿದ್ದರು. ಮಗಳಿಗೆ ಸರಳೆ ಹೇಳಿಕೊಟ್ಟದ್ದೇ ಅವರು, ವೀಡಿಯೋ ಕಾಲಿನಲ್ಲಿ. ಇಂಥ ಹೊತ್ತಿನಲ್ಲಿ ಹಿಮದ ಮೇಲೆ ಬಿದ್ದು ಕೈ ಮುರಿದುಕೊಂಡರೆ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಹಾಗಾಗುತ್ತದಲ್ಲ!

ನಮ್ಮ ಎವರ್‌ಗ್ರೀನ್ ಬಡಾವಣೆಯ ಕನ್ನಡದ ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಒಬ್ಬಳು ಹಾಕಲೇಬೇಕು ಅಂದಳು. ಇನ್ನೊಬ್ಬಳು ಗಾರ್ಡು ಹಾಕಿದರೆ ಪೆಟ್ಟು ಮೇಲಕ್ಕೆ ಹೋಗಿ ಮೊಳಕೈ ಹತ್ತಿರ ಮುರಿಯುತ್ತದೆ ಅಂದಳು. ಪಕ್ಕದ ಬೀದಿಯ ಮೂಳೆ ಡಾಕ್ಟರು ಹಾಸನದವರು, ಸಮಾಧಾನದ ಮನುಷ್ಯ. ಅವರನ್ನು ಗ್ರೋಸರಿ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪಿನ ಮುಂದೆಯೇ ಹಿಡಿದೆ.

"ಮಣಿಕಟ್ಟು ಮುರ್ಕೊಳ್ಳೋದು ಜಾಸ್ತಿ ಸ್ನೋಬೋರ್ಡಿನವರು ಕಣಮ್ಮ. ಸ್ಕೀಯಲ್ಲಿ ಮಂಡಿ ನೋಡ್ಕೋಬೇಕು. ಆಮೇಲೆ ಹೆಬ್ಬೆರಳು. ಕೋಲು ಹಿಡ್ಕೊಂಡೇ ಬೀಳ್ತಾರಲ್ಲ, ಅದಕ್ಕೆ."

"ಹಾಗಾದ್ರೆ ಗಾರ್ಡು ಬೇಡ್ವಾ ಡಾಕ್ಟ್ರೇ?"

"ಹಾಕಿದ್ರೆ ನಷ್ಟ ಏನಿಲ್ಲ. ಕೋಲು ಹಿಡಿಯಕ್ಕೆ ಕಷ್ಟ ಆಗಬಹುದು."

ಬೇಕು ಅಂದರೋ ಬೇಡ ಅಂದರೋ ದೇವರಿಗೇ ಗೊತ್ತು. ಮಣಿಕಟ್ಟೊಂದರ ಚಿಂತೆ ಹೊತ್ತು ಹೋದವಳು ಮಂಡಿ, ಹೆಬ್ಬೆರಳುಗಳನ್ನೂ ಸೇರಿಸಿಕೊಂಡು ಮನೆಗೆ ಬಂದೆ. ಕೊತ್ತಂಬರಿ ಸೊಪ್ಪು ಮರೆತೇಹೋಯಿತು.

ಕ್ಯುಪರ್ಟಿನೋದ ವೀಣೆ ಟೀಚರ್ ಅಂತೂ ಫೋನಿನಲ್ಲೇ ಸಿಡಿದರು. "ಕಛೇರಿ ಮುಗಿಯೋವರ್ಗೂ ಆ ಕೈ ನಿಮ್ದಲ್ಲ ರೀ, ನಂದು. ಯಾರನ್ನ ಕೇಳಿ ಕಳಿಸ್ತಿದ್ದೀರಾ?"

ತಲೆ ಚಿಟ್ಟು ಹಿಡಿಯಿತು. ಕೊನೆಗೆ ಗರಾಜಿನಲ್ಲಿ ಮಗಳ ಹಳೆಯ ಸ್ಕೇಟಿಂಗ್ ಸಾಮಾನು ಕೆದಕಿ, ಪ್ಲಾಸ್ಟಿಕ್ ಪಟ್ಟಿಯ ಗಾರ್ಡುಗಳನ್ನು ಹುಡುಕಿ ತೆಗೆದೆ. ನನ್ನ ಗಂಡ ನೋಡಿ ನಕ್ಕರು. "ಕರ್ಣನಿಗೆ ಕವಚ ಹುಟ್ತಾನೇ ಬಂದಿತ್ತು. ನಮ್ಮವಳಿಗೆ ಗರಾಜಿಂದ ಬಂತು."

"ನೀವು ಸುಮ್ನಿರ್ತೀರಾ?" ಎಂದು ಗದರಿದೆ.

ಶನಿವಾರ ನಾವು ಮೂವರೇ ಹೊರಟೆವು. ಟಾಹೋದ ಪಾರ್ಕಿಂಗ್ ಲಾಟಿನಲ್ಲಿ ಕಾರೊಳಗೇ ಕೂತು ಚಪಾತಿ ರೋಲು ತಿಂದೆವು. ಮಗಳ ಎರಡು ಕೈಗೂ ನಾನೇ ಗಾರ್ಡು ಬಿಗಿದೆ. ಅವಳು ಚಕಾರ ಎತ್ತಲಿಲ್ಲ. ಬಾತ್‌ರೂಮಿಗೆ ಹೋಗಿ ಬಂದು ಕ್ಲಾಸಿನ ಸಾಲಿನಲ್ಲಿ ನಿಂತಳು. ಕಲಿಸುವ ಹುಡುಗಿ ಎಲ್ಲರಿಗೂ ಮೊದಲು ಹೇಳಿದ್ದೇನು ಗೊತ್ತೇ? ಹೊಸಬರಿಗೆ ಇವತ್ತು ಕೋಲೇ ಇಲ್ಲ! ಕೋಲು ಹಿಡಿಯಲು ಆಗುತ್ತದೋ ಇಲ್ಲವೋ ಎಂದು ನಿದ್ದೆಗೆಟ್ಟದ್ದೆಲ್ಲ ದಂಡ. ನಗಬೇಕೋ ಅಳಬೇಕೋ ತಿಳಿಯದೆ ಬೇಲಿ ಹಿಡಿದು ನಿಂತೆ.

ಅರ್ಧ ಗಂಟೆಯೂ ಆಗಿರಲಿಲ್ಲ. ಮಗಳು ಹಿಂದಕ್ಕೆ ವಾಲಿ, ಕೈಯೂರಿ ಬಿದ್ದಳು. ಅಯ್ಯೋ ಎಂದು ಕಿರುಚಿಕೊಂಡು ಓಡಿದೆ. ಗ್ಲೌಸ್ ಎಳೆದು ನೋಡಿದರೆ ಗಾರ್ಡೇ ಇಲ್ಲ. ಎರಡೂ ಜಾಕೆಟ್ಟಿನ ಜೇಬಿನಲ್ಲಿದ್ದವು. ಬಾತ್‌ರೂಮಿನಲ್ಲಿ ಬಿಚ್ಚಿದ್ದಾಳೆ! ಬೈಯಲು ಬಾಯಿ ತೆರೆದೆ, ಅವಳ ಬಿಳುಚಿದ ಮುಖ ನೋಡಿ ನುಂಗಿಕೊಂಡೆ.

ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಕೆಂಪು ಜಾಕೆಟ್ಟಿನವನೊಬ್ಬ ಅವಳ ಮಣಿಕಟ್ಟನ್ನು ಒತ್ತಿದ, ತಿರುಗಿಸಿದ, ಬೆರಳು ಮಡಚಿಸಿದ. ಮುರಿದ ಲಕ್ಷಣ ಒಂದೂ ಇಲ್ಲ, ಸ್ವಲ್ಪ ಹೊತ್ತು ಐಸ್ ಇಡಿ ಎಂದ.

"ಆರ್ ಯು ಶೂರ್?" ಎಂದಳು ಮಗಳು.

ಹೌದು ಎಂದ.

"ನೋ ಎಕ್ಸ್‌ರೇ? ಆರ್ ಯು ರಿಯಲಿ ಶೂರ್?"

ಪಾಪ, ನನ್ನ ಹಾಗೇ ಗಾಬರಿ ಬಿದ್ದಿದ್ದಾಳೆ ಅಂದುಕೊಂಡೆ. ನನ್ನ ಮಗಳೇ ಸರಿ ಎಂದು ಒಳಗೊಳಗೇ ಖುಷಿಯೂ ಆಯಿತು. ಐಸಿನ ಚೀಲ ತರಲು ಅವನು ಆಚೆ ಹೋದ. ಆಗ ಅವಳ ಮುಖ ನೋಡಿದೆ. ಅದು ಬಚಾವಾದವರ ಮುಖವಲ್ಲ, ರಿಸಲ್ಟು ನೋಡಿ ಬಂದ ನಪಾಸಾದವರ ಮುಖ. ಈ ಹುಡುಗಿ ಸ್ಕೀ ಕಲಿಯಲು ಬಂದಳೋ, ಕೈ ಮುರಿದುಕೊಳ್ಳಲು ಬಂದಳೋ? ಗಾರ್ಡು ಒತ್ತುತ್ತಿತ್ತೆಂದು ಬಿಚ್ಚಿದಳೋ, ಬೇಕೆಂದೇ ಬಿಚ್ಚಿದಳೋ? ಕೇಳಲು ಭಯವಾಯಿತು.

ವಾಪಸು ಬರುವಾಗ ನನ್ನ ಗಂಡ ಕಾರು ಓಡಿಸುತ್ತಿದ್ದರು. ನಾನು ಹಿಂದಿನ ಸೀಟಿನಲ್ಲಿ, ಅವಳ ಮಣಿಕಟ್ಟಿಗೆ ಐಸ್ ಹಿಡಿದುಕೊಂಡು ಕೂತಿದ್ದೆ.

"ಕಛೇರಿ ಬೇಡ್ವಾ ಪುಟ್ಟಿ?"

ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಕಿಟಕಿಯ ಕಡೆ ತಿರುಗಿಕೊಂಡೇ, ಒಂದೊಂದೇ ಮಾತು ಹುಡುಕಿ, "ಅಜ್ಜಿ ಟಿಕೆಟ್ ತಗೊಂಡಾಯ್ತಲ್ಲ ಅಮ್ಮ" ಎಂದಳು.

ಬುಕ್ ಮಾಡಿದ ಹಾಲ್, ಹಂಚಿದ ಆಹ್ವಾನ ಪತ್ರಿಕೆ, ಟೀಚರ್ ಸಿಡಿಯುವುದು, ಊರವರ ಬಾಯಿ, ಎಲ್ಲ ಒಟ್ಟಿಗೆ ತಲೆಯಲ್ಲಿ ಸುತ್ತಿದವು. ಆದರೂ ಬಾಯಿ ತಾನಾಗಿ ಆಡಿತು.

"ಅಜ್ಜಿ ಬರೋದು ನಿನ್ನ ನೋಡಕ್ಕೆ ಕಣೇ. ವೀಣೆ ಅವರ ಮನೇಲೂ ಇದೆ."

ಅವಳು ತಿರುಗಲಿಲ್ಲ. ಕೈಯನ್ನು ಎಳೆದುಕೊಳ್ಳಲೂ ಇಲ್ಲ. ಐಸೆಲ್ಲ ಕರಗಿ ನೀರಾದ ಮೇಲೂ ಆ ಕೈ ನನ್ನ ಮಡಿಲಲ್ಲೇ ಇತ್ತು.

ಮರುದಿನ ಗುಂಪಿನಲ್ಲಿ ಒಬ್ಬಳು ಕೇಳಿದ್ದಳು: "ಗಾರ್ಡು ಹಾಕ್ಸಿದ್ರಾ? ನಮ್ಮವಳಿಗೂ ತರಬೇಕಾ?" ಬರೆದು ಬರೆದು ಅಳಿಸಿ, "ಅವಳನ್ನೇ ಒಂದು ಮಾತು ಕೇಳಿ" ಎಂದು ಕಳಿಸಿದೆ.