ನಿನ್ನಿ ಆಕಿ ಏನಂದ್ಲು?

ಧಾರಾವಾಹಿಯಲ್ಲಿ ನಾಳೆ ಏನಾಗುತ್ತದೆ ಎಂದು ಊರೆಲ್ಲ ತಲೆ ಕೆಡಿಸಿಕೊಳ್ಳುತ್ತಿದ್ದರೆ, ವಡಗಾವಿಯ ನಮ್ಮ ಮಗ್ಗದ ಮನೆಯಲ್ಲಿ ನಾವು ನಿನ್ನೆ ಏನಾಯಿತು ಎಂದು ತಲೆ ಕೆಡಿಸಿಕೊಳ್ಳುತ್ತಿದ್ದೆವು. ಸಂಜೆ ಏಳೂವರೆಗೆ ಧಾರಾವಾಹಿ ಶುರುವಾಗುವ ಹೊತ್ತಿಗೆ ಕೆಳಗಿನ ಮನೆಯ ಆರೂ ಮಗ್ಗಗಳು ಓಡುತ್ತಿರುತ್ತಿದ್ದವು. ಆ ಸಪ್ಪಳದಲ್ಲಿ ಟಿವಿಯ ದನಿ ಎಷ್ಟು ಏರಿಸಿದರೂ ಅಷ್ಟೇ. ಚಿತ್ರ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಸೊಸೆ ಅಳುವುದು ಕಾಣುತ್ತಿತ್ತು. ಯಾಕೆ ಅತ್ತಳು ಎಂಬುದು ಮರುದಿನ ನಾನು ಹೇಳಿದಾಗಲೇ ತಿಳಿಯಬೇಕು.

ನಾನು ಆ ಮನೆಯ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೇನೆ. ಖಾನಾಪುರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತೆ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವವರೂ ಈಗ ಕಡಿಮೆಯಾಗಿದ್ದಾರೆ. ಮೊದಲು ಸದಾಶಿವನಗರದಲ್ಲಿ ಅಣ್ಣನ ಮನೆಯಲ್ಲಿದ್ದೆ. ಅಲ್ಲಿ ಅರ್ಧ ಗೋಡೆಯಷ್ಟು ದೊಡ್ಡ ಟಿವಿ, ಸಪ್ಪಳವಿಲ್ಲದ ಮನೆ. ಆದರೆ ಧಾರಾವಾಹಿ ನಡೆಯುವಾಗ ನಾಲ್ಕು ಜನ ನಾಲ್ಕು ಮೂಲೆಯಲ್ಲಿ ನಾಲ್ಕು ಫೋನು ಹಿಡಿದು ಕೂತಿರುತ್ತಿದ್ದರು. ಒಂದು ಸಂಜೆ, "ಸೊಸಿ ಗಂಡಗ ಬರದ ಕಾಗದ ಈ ಅತ್ತಿ ಖರೇನ ಸುಟ್ಟಾಳೇನ?" ಎಂದು ಕೇಳಿದೆ. ಯಾರೂ ತಲೆ ಎತ್ತಲಿಲ್ಲ. ಮತ್ತೊಮ್ಮೆ ಕೇಳಿದೆ. "ಧಾರಾವಾಹಿ ಅದ ಅಷ್ಟರೀ, ಯಾಕ ಇಷ್ಟ ಮನಸ್ಸಿಗೆ ಹಚ್ಕೋತೀರಿ?" ಎಂದಳು ಅಣ್ಣನ ಹೆಂಡತಿ. ನನಗೆ ಮೊದಲೇ ಮೂಗಿನ ಮೇಲೆ ಸಿಟ್ಟು. ಎರಡು ತಿಂಗಳಲ್ಲಿ ಬೇರೆ ಮನೆ ಹಿಡಿದೆ. ಕೇಳಿದವರಿಗೆ, ರೈಲ್ವೆ ಸ್ಟೇಶನ್ ಹತ್ತಿರವಾಗುತ್ತದೆ ಎಂದು ಹೇಳಿದೆ.

ಕೆಳಗಿನ ಮನೆಯ ಯಜಮಾನಿ ನನಗಿಂತ ಹದಿನೈದು ವರ್ಷ ದೊಡ್ಡವರು, ಇಡೀ ಓಣಿಗೆ ಖಾಲಾ, ಚಿಕ್ಕಮ್ಮ. ಮನೆಯೊಳಗೆ ಅವರದು ದಖ್ಖನಿ ಉರ್ದು, ನನ್ನ ಜೊತೆ ಕನ್ನಡ, ನೂಲಿನ ವ್ಯಾಪಾರಿ ಬಂದರೆ ಮರಾಠಿ. ಮಗ್ಗ ನಡೆಸುವವರು ಅವರ ಇಬ್ಬರು ಗಂಡುಮಕ್ಕಳು. ಖಾಲಾ ಬಾಗಿಲ ಬಳಿ ಕೂತು ಕಂಡಿಕೆ ಸುತ್ತುತ್ತಿದ್ದರು, ಎಂದರೆ ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗಳಿಗೆ ನೂಲು ತುಂಬುತ್ತಿದ್ದರು. ಮಕ್ಕಳಿಗೆ ಕಂಡಿಕೆ ಬೇಕಾದರೆ ಅವರು ಕೂಗುತ್ತಿರಲಿಲ್ಲ, ಕೂಗಿ ಉಪಯೋಗವಿಲ್ಲ. ಮಗ್ಗದ ಆಚೆಯಿಂದ ತುಟಿ ಅಲ್ಲಾಡಿಸುತ್ತಿದ್ದರು, ಖಾಲಾ ಈಚೆಯಿಂದ ತುಟಿಯಲ್ಲೇ ಉತ್ತರ ಕೊಡುತ್ತಿದ್ದರು. ಮೂರು ವರ್ಷ ದಿನಾ ಇದನ್ನು ನೋಡಿದೆ. ನೋಡಿ ಏನೂ ತಿಳಿದುಕೊಳ್ಳಲಿಲ್ಲ.

ಹಿಂದಿನ ದಿನದ ಕಂತನ್ನು ನಾನು ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ, ಕಿವಿಗೆ ವಾಯರು ಸಿಕ್ಕಿಸಿಕೊಂಡು, ಫೋನಿನಲ್ಲಿ ನೋಡುತ್ತಿದ್ದೆ. ದೇಸೂರು ದಾಟುವಷ್ಟರಲ್ಲಿ ಅತ್ತೆಯ ಬೈಗುಳ ಮುಗಿದಿರುತ್ತಿತ್ತು, ಖಾನಾಪುರ ಬರುವಷ್ಟರಲ್ಲಿ ಸೊಸೆಯ ಅಳು. ಸಂಜೆ ಮಗ್ರಿಬ್ ನಮಾಜಿಗೆ ಮಗ್ಗಗಳು ನಿಲ್ಲುತ್ತಿದ್ದವು. ನಮಾಜು, ಆಮೇಲೆ ಚಹಾ; ಆ ಇಪ್ಪತ್ತು ನಿಮಿಷ ಮನೆ ಶಾಂತ. ಅದು ನನ್ನ ಹೊತ್ತು. ಬೆಂಗಳೂರು ಕಡೆಯ ಅವರ ಮಾತನ್ನು ನಮ್ಮ ಮಾತಿಗೆ ತಿರುಗಿಸಿ, ಯಾರು ಯಾರಿಗೆ ಏನೆಂದರು ಎಂದು ಸಾಲಾಗಿ ಹೇಳುತ್ತಿದ್ದೆ. ಸೊಸೆಗೆ ನಾವಿಟ್ಟ ಹೆಸರು 'ನಮ್ಮಾಕಿ'. ಅವಳ ಗಂಡ 'ಮಬ್ಬ'. ಕಣ್ಣಿಗೆ ಬೆರಳಗಲ ಕಾಡಿಗೆ ಹಚ್ಚುವ ಅತ್ತೆ 'ಕಾಡಿಗಿ'. ಕಚೇರಿಯಲ್ಲಿ ದಿನವಿಡೀ ನನ್ನ ಮಾತು ಕೇಳುವವರು ಯಾರೂ ಇರಲಿಲ್ಲ. ಇಲ್ಲಿ ನಾನು ಬಾಯಿ ತೆರೆದರೆ ಚಹಾದ ಬಟ್ಟಲುಗಳು ಸುಮ್ಮನಾಗುತ್ತಿದ್ದವು.

ಕಳೆದ ವರ್ಷ ಖಾಲಾನ ತಂಗಿಯ ಮಗಳು ಬಂದಳು. ಗಾಡಿಯಲ್ಲಿ ಖಾನಾಪುರ ದಾಟಿದರೆ ಸಿಗುವ ಗುಂಜಿಗೆ ಕೊಟ್ಟಿದ್ದ ಹುಡುಗಿ, ಮದುವೆಯಾಗಿ ಎರಡು ವರ್ಷ. ಅತ್ತೆ ಏನೋ ಒಂದು ಮಾತು ಅಂದಿದ್ದರಂತೆ, ಈಕೆ ಚೀಲ ತುಂಬಿಕೊಂಡಳು. ಗಂಡ ಆ ಚೀಲವನ್ನು ತಾನೇ ಹೊತ್ತು ಸ್ಟೇಶನ್ನಿಗೆ ತಂದ, ಗಾಡಿ ಹತ್ತಿಸಿದ, ಗಾಡಿ ಬಿಡುವ ತನಕ ಕಿಟಕಿಯ ಹತ್ತಿರ ನಿಂತ.

"ಹೋಗಬ್ಯಾಡ ಅನಲಿಲ್ರೀ ಅಕ್ಕಾರ. ಅಷ್ಟ ಅಂದಿದ್ರ ಇಳದ ಬಿಡ್ತಿದ್ದೆ," ಎಂದಳು ನನ್ನ ಹತ್ತಿರ.

ನನಗೆ ಮೈಯೆಲ್ಲ ಉರಿಯಿತು. "ಎಂಥಾ ಗಂಡಸವಾ ಅವ? ಬಾಯಾಗ ಕಡಬು ತುರಕೊಂಡಿದ್ನೇನ?" ಎಂದೆ. ಬಂದ ಮೇಲೆ ಆಕೆ ನಕ್ಕದ್ದು ಅದೇ ಮೊದಲು ಎಂದು ಖಾಲಾ ಆಮೇಲೆ ಹೇಳಿದರು.

ಆಕೆಯ ಫೋನು ಬಂದ್ ಆಗಿ ಖಾಲಾನ ಟ್ರಂಕಿನಲ್ಲಿ ಬಿದ್ದಿತ್ತು. ಚಾಲೂ ಇಟ್ಟರೆ ಗುಂಜಿಯಿಂದ ಕರೆ ಬಂತೇ ಎಂದು ನೋಡುತ್ತ ಕೂರಬೇಕಾಗುತ್ತದೆ, ಅದು ಬೇಡ ಎಂದು ತಾನೇ ಹಾಗೆ ಮಾಡಿದ್ದಳು. ಹೀಗಾಗಿ ಆಕೆಗೂ ಧಾರಾವಾಹಿಯ ಮಾತು ನನ್ನಿಂದಲೇ ಬರಬೇಕು. ಆಕೆ ಖಾಲಾನ ಬಾಜೂ ಕೂತು ಕಂಡಿಕೆ ಸುತ್ತುವುದನ್ನು ಕಲಿತಳು. ನಾನು ಒಳಗೆ ಕಾಲಿಡುವ ಮೊದಲೇ ಕೇಳುತ್ತಿದ್ದಳು: "ನಿನ್ನಿ ಆಕಿ ಏನಂದ್ಲು?"

ನಾನು ಬೇಕೆಂದೇ ತಡಮಾಡುತ್ತಿದ್ದೆ. ಮೊದಲು ನೀವು ಊಹೆ ಮಾಡಿ ಎನ್ನುತ್ತಿದ್ದೆ.

"ಮಬ್ಬ ತಪ್ಪಾತು ಅಂದಿರಬೇಕ್ರಿ," ಎಂದು ಹುಡುಗಿ.

"ಅಂದಿಲ್ಲ," ಎಂದು ಖಾಲಾ, ನೂಲಿನಿಂದ ಕಣ್ಣು ತೆಗೆಯದೆ. "ಅವ ಏನೂ ಅಂದಿಲ್ಲ. ಕಾಡಿಗಿನ ಎಲ್ಲಾ ಅಂದಾಳ."

ಖಾಲಾ ಹೇಳಿದ್ದೇ ಹೆಚ್ಚಾಗಿ ಸರಿಯಾಗಿರುತ್ತಿತ್ತು. ವಯಸ್ಸಿನ ಅನುಭವ ಎಂದುಕೊಂಡಿದ್ದೆ.

ಶನಿವಾರ, ಭಾನುವಾರ ಕಂತು ಇರುತ್ತಿರಲಿಲ್ಲ. ಭಾನುವಾರ ಹುಡುಗಿ ನನ್ನ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಮೂರು ವರ್ಷದಲ್ಲಿ ಆ ಮೆಟ್ಟಿಲು ಹತ್ತಿದವನು ಗ್ಯಾಸ್ ಸಿಲಿಂಡರಿನವನೊಬ್ಬನೇ. ಹೊಸ್ತಿಲಲ್ಲೇ ಕೂತು ಮುಂದಿನ ವಾರದ ಕಥೆ ಕಟ್ಟುತ್ತಿದ್ದಳು: ಕಾಗದ ಸುಟ್ಟಿಲ್ಲ, ಕಾಡಿಗಿ ಅದನ್ನು ಹಿಟ್ಟಿನ ಡಬ್ಬಿಯಲ್ಲಿ ಇಟ್ಟಿದ್ದಾಳೆ, ಮಬ್ಬನಿಗೆ ಒಂದು ದಿನ ಸಿಗುತ್ತದೆ. ನಾನು ವಾದ ಮಾಡುತ್ತಿದ್ದೆ. ಮಬ್ಬನಿಗೆ ಸಿಕ್ಕರೂ ಓದುವುದಿಲ್ಲ, ಅದರಲ್ಲಿ ಚುರುಮುರಿ ಕಟ್ಟಿಸಿಕೊಂಡು ತಿನ್ನುತ್ತಾನೆ ಎನ್ನುತ್ತಿದ್ದೆ. ಈದ್ ಹಬ್ಬದ ದಿನ, ಚೀಲದಲ್ಲಿ ತಂದಿದ್ದ ತನ್ನ ಹೂವಿನ ನಕ್ಷೆಯ ಸ್ಟೀಲ್ ಬಟ್ಟಲಲ್ಲಿ ಶಾವಿಗೆಯ ಶೀರ್‌ಖುರ್ಮಾ ತಂದುಕೊಟ್ಟಳು. ಖಾನಾಪುರದಿಂದ ಬರುವಾಗ ನಾನು ಒಂದು ಪೇರಲ ಹಣ್ಣಿನ ಬದಲು ಎರಡು ಕೊಳ್ಳತೊಡಗಿದೆ. ಮುಚ್ಚಿಟ್ಟು ಪ್ರಯೋಜನವಿಲ್ಲ: ಆ ಹುಡುಗಿಯ ಮೇಲೆ ನನಗೆ ಜೀವವಾಗಿತ್ತು. ವಾರದ ಆರು ದಿನ ಭಾನುವಾರಕ್ಕಾಗಿ ಕಾಯುತ್ತಿದ್ದೆ.

ಅಷ್ಟರಲ್ಲಿ ಧಾರಾವಾಹಿಯ ನಮ್ಮಾಕಿಯೂ ಗಂಡನ ಮನೆ ಬಿಟ್ಟಳು. ಬೇರೆ ಮನೆ ಮಾಡಿ ಹೊಲಿಗೆ ಮಷಿನ್ ಇಟ್ಟುಕೊಂಡಳು. ಗಾಡಿಯ ಹೆಂಗಸರ ಡಬ್ಬಿಯಲ್ಲಿ ಎರಡು ಪಕ್ಷಗಳಾದವು: ಗಂಡನ ಮನೆಗೆ ತಿರುಗಿ ಹೋಗುತ್ತಾಳೆ ಎನ್ನುವವರು, ಹೋಗುವುದಿಲ್ಲ ಎನ್ನುವವರು. ನಾನು ಯಾವ ಪಕ್ಷವೆಂದು ಹೇಳಬೇಕಿಲ್ಲ.

ಒಂದು ಗುರುವಾರ ಖಾಲಾನ ಮಗನ ಫೋನಿಗೆ ಗುಂಜಿಯಿಂದ ಸುದ್ದಿ ಬಂತು. ಭಾನುವಾರ ಕರೆದುಕೊಂಡು ಹೋಗಲು ಬರುತ್ತೇನೆ ಎಂದು ಹುಡುಗಿಯ ಗಂಡ ಹೇಳಿದ್ದ. ಹುಡುಗಿ ನನ್ನ ಕಡೆ ತಿರುಗಿ, "ನಮ್ಮಾಕಿ ಹ್ವಾದ್ರ ನಾನೂ ಹೋಗ್ತೇನಿ, ಇಲ್ಲಂದ್ರ ಇಲ್ಲ," ಎಂದು ನಕ್ಕಳು. ಚೇಷ್ಟೆಗೆ ಅಂದದ್ದು. ಆದರೆ ಕೈಯಲ್ಲಿದ್ದ ನೂಲು ಕಡಿದುಹೋಯಿತು.

ಶುಕ್ರವಾರದ ಕಂತಿನಲ್ಲಿ ಮಬ್ಬ ಮಳೆಯಲ್ಲಿ ನೆನೆಯುತ್ತ ನಮ್ಮಾಕಿಯ ಬಾಗಿಲಿಗೆ ಬಂದ. ಆ ಊರಲ್ಲಿ ಅವನು ಬಂದಾಗ ಮಾತ್ರ ಮಳೆ. ಏನೋ ಹೇಳಿದ. ಅವಳು ಅತ್ತಳು, ಕಣ್ಣೊರೆಸಿಕೊಂಡಳು, ಒಂದು ಮಾತು ಹೇಳಿದಳು. ಅದನ್ನು ಅವರ ಪದ್ಧತಿಯಂತೆ ಮೂರು ಕಡೆಯಿಂದ ಮೂರು ಸಲ ತೋರಿಸಿ ಕಂತು ಮುಗಿಸಿದರು. ಮಗ್ಗದ ಸಪ್ಪಳದಲ್ಲಿ ಒಂದಕ್ಷರ ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಗಾಡಿಯಲ್ಲಿ ಕೇಳಿದೆ. "ಕರೆಯೋಕೆ ಬಂದ್ರಲ್ಲ, ಅಷ್ಟು ಸಾಕು. ನಡೀರಿ, ಬರ್ತೀನಿ." ಎರಡನೆಯ ಸಲ ಕೇಳಿದೆ. ಮಾತು ಬದಲಾಗಲಿಲ್ಲ. ಆ ದಿನ ಕಚೇರಿಯಲ್ಲಿ ಒಬ್ಬರ ಅರ್ಜಿಯನ್ನು ಇನ್ನೊಬ್ಬರ ಫೈಲಿಗೆ ಹಾಕಿ ಬೈಸಿಕೊಂಡೆ.

ಸಂಜೆ ಮಗ್ಗ ನಿಂತವು. ಚಹಾ ಬಂತು. ಹುಡುಗಿ ಕೇಳಿದಳು, "ನಿನ್ನಿ ಆಕಿ ಏನಂದ್ಲು?"

"'ನೀವ ಬರೂದು ಭಾಳ ತಡಾ ಆತು, ನಾ ಬರೂದಿಲ್ಲ' ಅಂದ್ಲು," ಎಂದೆ. ಅಷ್ಟಕ್ಕೆ ಬಿಡಬೇಕಿತ್ತು. ಬಿಡಲಿಲ್ಲ. "'ನನಗ ಇಲ್ಲೂ ನನ್ನ ಮಂದಿ ಅದಾರ' ಅಂದ್ಲು."

"ಹಂಗಂದ್ಲಾ?"

"ಹಂಗ ಅಂದ್ಲು."

ಖಾಲಾ ಕಂಡಿಕೆ ಬಿಟ್ಟು ನನ್ನ ಮುಖ ನೋಡಿದರು. ಹುಡುಗಿ ಇನ್ನೂ ಏನನ್ನೋ ಕಾಯುವವಳಂತೆ ಸ್ವಲ್ಪ ಹೊತ್ತು ನನ್ನನ್ನೇ ನೋಡುತ್ತ ಕೂತಳು. ನಾನು ಚಹಾ ಕುಡಿದೆ. ಸೋಮವಾರದ ಕಂತಿನಲ್ಲಿ ನಮ್ಮಾಕಿ ಗಂಡನ ಮನೆಯ ಹೊಸ್ತಿಲು ದಾಟುವುದು ಕಾಣುತ್ತದೆ, ಆಗ ನನ್ನ ಸುಳ್ಳು ಬಯಲಾಗುತ್ತದೆ ಎಂದು ನನಗೆ ಗೊತ್ತಿತ್ತು. ಸೋಮವಾರದ ತನಕ ಬಾಳಿದರೆ ಸಾಕಾಗಿತ್ತು.

ಭಾನುವಾರ ಅವನು ಬಂದ. ಬಡಕಲು ಆಸಾಮಿ, ಇಸ್ತ್ರಿ ಮಾಡಿದ ಅಂಗಿ. ಮಧ್ಯಾಹ್ನ ಊಟ ಮಾಡಿದರು. ಆಮೇಲೆ ಮೆಟ್ಟಿಲ ಮೇಲೆ ಆಕೆಯ ಹೆಜ್ಜೆ ಕೇಳಿತು. ಬಾಗಿಲು ಎರಡು ಸಲ ತಟ್ಟಿದಳು. "ಅಕ್ಕಾರ," ಎಂದು ಕರೆದಳು. ನಾನು ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಿದ್ದೆ. ಹೋಗುವವರಿಗೆ ಬಾಗಿಲು ಯಾಕೆ ತೆರೆಯಬೇಕು ಎಂದು ಸಿಟ್ಟು. ಹೆಜ್ಜೆ ಇಳಿದುಹೋದ ಮೇಲೆ ಕಿಟಕಿಯಿಂದ ನೋಡಿದೆ. ಅವನು ಚೀಲ ಹೊತ್ತು ಮುಂದೆ ಹೋಗುತ್ತಿದ್ದ. ಆಕೆ ಓಣಿ ತಿರುಗುವಾಗ ಒಮ್ಮೆ ಮೇಲೆ ನೋಡಿದಳು. ನಾನು ಹಿಂದೆ ಸರಿದೆ.

ಸೋಮವಾರ ಟಿವಿಯಲ್ಲಿ ನಮ್ಮಾಕಿ ಹೊಸ್ತಿಲು ದಾಟಿದಳು. ಖಾಲಾ ಕಂಡಿಕೆ ಸುತ್ತುತ್ತಲೇ ಇದ್ದರು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಜಗಳವಾಡಿ ಹಗುರಾಗುತ್ತಿದ್ದೆ. ನಾನೇ ಕೆಳಗೆ ಹೋಗುವುದನ್ನು ಬಿಟ್ಟೆ. ಗಾಡಿಯಲ್ಲಿ ಕಂತು ನೋಡುವುದನ್ನು ಮಾತ್ರ ಬಿಡಲಿಲ್ಲ. ಎಲ್ಲರ ಮಾತೂ ನನ್ನ ಬಾಯಲ್ಲಿ ಸಿದ್ಧವಾಗಿರುತ್ತಿತ್ತು. ಸಂಜೆ ಮಗ್ಗ ನಿಂತಾಗ, ಕೆಳಗೆ ಚಹಾದ ಬಟ್ಟಲು ಇಡುವ ಸದ್ದು ಕೇಳುತ್ತ ಮಂಚದ ಮೇಲೆ ಕೂತಿರುತ್ತಿದ್ದೆ. ಪೇರಲ ಹಣ್ಣು ಮತ್ತೆ ಒಂದೇ ತರತೊಡಗಿದೆ.

ಎರಡು ತಿಂಗಳು ಕಳೆದ ಮೇಲೆ ಪಾತ್ರೆಯ ಗೂಡಿನಲ್ಲಿ ಆ ಹೂವಿನ ಬಟ್ಟಲು ಕಂಡಿತು. ಇನ್ನೊಬ್ಬರ ಪಾತ್ರೆ ಇಟ್ಟುಕೊಳ್ಳಬಾರದು, ಬರಿದಾಗಿ ಹಿಂದಿರುಗಿಸಲೂ ಬಾರದು. ಶೇಂಗಾ ಹೋಳಿಗೆ ಮಾಡಿ ಬಟ್ಟಲಲ್ಲಿ ಮಡಚಿಟ್ಟೆ. ಕೆಳಗೆ ಖಾಲಾನ ಕೈಗೆ ಕೊಟ್ಟಿದ್ದರೆ ಆಗುತ್ತಿತ್ತು. ನಾನು ಭಾನುವಾರದ ಗಾಡಿ ಹತ್ತಿದೆ. ಖಾನಾಪುರದಲ್ಲಿ ಇಳಿಯಲಿಲ್ಲ.

ಗುಂಜಿಯಲ್ಲಿ ಸ್ಟೇಶನ್ ಮುಂದಿನ ಅಂಗಡಿಯಲ್ಲಿ ಮರಾಠಿಯಲ್ಲಿ ದಾರಿ ಕೇಳಿಕೊಂಡು ಮನೆ ಹುಡುಕಿದೆ. ಅವಳ ಗಂಡ ಬಾಗಿಲು ತೆರೆದ. "ಕುಂದರ್ರಿ," ಎಂದು ಕುರ್ಚಿ ಸರಿಸಿ ಹೊರಗೆ ಹೋದ. ಅತ್ತೆ ಒಳಗಿನಿಂದ ನೀರು ತಂದುಕೊಟ್ಟು ಮತ್ತೆ ಒಲೆಯ ಮುಂದೆ ಹೋದರು. ಟಿವಿ ಹಚ್ಚಿತ್ತು, ಹಿಂದಿನ ವಾರದ ಕಂತುಗಳನ್ನು ಮತ್ತೆ ಹಾಕುತ್ತಿದ್ದರು. ಅಲ್ಲಿ ಮಗ್ಗವಿಲ್ಲ, ಎದುರಿಗೆ ಕಾಡು. ನಮ್ಮಾಕಿಯ ಮಾತು ಅಕ್ಷರ ಅಕ್ಷರ ಕೇಳುತ್ತಿತ್ತು. ನನ್ನ ಕೆಲಸ ಅಲ್ಲಿ ಏನೂ ಇರಲಿಲ್ಲ.

ಹುಡುಗಿ ಟಿವಿ ಆರಿಸಿ ಎದುರು ಕೂತಳು. ನಾನು ಬಟ್ಟಲು ಕೊಟ್ಟೆ.

"ಅವತ್ತ ನಾ ಹೇಳಿದ್ದು ಸುಳ್ಳವಾ," ಎಂದೆ.

"ಗೊತ್ತೈತ್ರಿ. ಖಾಲಾಗ ತುಟಿ ತಿಳೀತಾವಲ್ರೀ. ಎಲ್ಲಾ ಅಲ್ಲ, ಬರ್ತೇನಿ, ಬರೂದಿಲ್ಲ, ಇಂಥಾವು ತಿಳೀತಾವ. ಮಗ್ಗದ ಮನ್ಯಾಗ ಹುಟ್ಟಿ ಬೆಳದಾಕಿ. ನಮ್ಮಾಕಿ ಬರ್ತೀನಿ ಅಂದಿದ್ದು ಶುಕ್ರವಾರನ ಹೇಳಿದ್ಲು."

"ಮತ್ತ ನನ್ನ ಯಾಕ ಕೇಳಿದಿ?"

"ನೀವು ಏನಂತೀರಿ ಅಂತ ಕೇಳಿದೆ."

ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಬಾಯಿಗೆ ಬಂದದ್ದನ್ನು ಕೇಳಿದೆ, "ಅವತ್ತ ನಿನ್ನ ಮನಿಯವರ ಬಂದು ಏನಂದ್ರು ನಿನಗ?"

"'ಹೋಗೂಣು ನಡಿ' ಅಂದ್ರು. ಅಷ್ಟರೀ." ಆಕೆ ಬಟ್ಟಲಿನ ಅಂಚು ಒರೆಸುತ್ತಿದ್ದಳು. "ಹೋಗಬ್ಯಾಡ ಅಂತ ನೀವ ಅನಬೇಕಿತ್ತಲ್ರೀ ಅಕ್ಕಾರ. ಆಕಿ ಬಾಯಾಗ ಯಾಕ ಹಾಕಿದ್ರಿ?"

"ಅಂದಿದ್ರ ನೀ ನಿಲ್ತಿದ್ದಿಯೇನ?"

"ಇಲ್ರೀ. ಹೋಗೇ ಹೋಗ್ತಿದ್ದೆ. ಆದ್ರ ಕೇಳಿ ಹೋಗ್ತಿದ್ದೆ."

ಆಕೆ ಹೋಳಿಗೆಗಳನ್ನು ತಟ್ಟೆಗೆ ತೆಗೆದಳು. ಬಟ್ಟಲು ಆಕೆಯದೇ ಆದ್ದರಿಂದ ತೊಳೆದು ಒಳಗಿಟ್ಟಳು. ಇನ್ನು ಗುಂಜಿಗೆ ಬರಲು ನನಗೆ ಯಾವ ನೆಪವೂ ಉಳಿಯಲಿಲ್ಲ.

ಸ್ಟೇಶನ್ನಿಗೆ ಆಕೆಯೇ ಕಳಿಸಲು ಬಂದಳು. ದಾರಿಯಲ್ಲಿ ಧಾರಾವಾಹಿಯ ಮಾತಾಡಿದೆವು. ಕಾಗದ ಹಿಟ್ಟಿನ ಡಬ್ಬಿಯಲ್ಲೇ ಇದೆ ಎಂದು ಆಕೆ ಈಗಲೂ ಹಟ ಹಿಡಿದಿದ್ದಳು. ಗಾಡಿ ಬಂತು, ಹತ್ತಿ ಕಿಟಕಿಯ ಬಳಿ ಕೂತೆ. ಆಕೆ ಕಿಟಕಿಯ ಹೊರಗೆ ನಿಂತಳು. ಗಾಡಿ ಕೂಗಿ ಅಲ್ಲಾಡಿದ ಮೇಲೆ ನನಗೆ ಬಾಯಿ ಬಂತು.

"ನೀ ಹೋಗಬಾರದಿತ್ತವಾ. ನೀ ಇಲ್ಲದ ನನಗ ಹೊತ್ತ ಹೋಗವಲ್ದು."

ಆ ಸಪ್ಪಳದಲ್ಲಿ ನನ್ನ ಮಾತು ನನಗೇ ಕೇಳಲಿಲ್ಲ. ಆಕೆ ಗಾಡಿಯ ಜೊತೆ ನಾಲ್ಕು ಹೆಜ್ಜೆ ನಡೆದಳು. ನನ್ನ ತುಟಿಯನ್ನೇ ನೋಡುತ್ತಿದ್ದಳು.