ದಡ್ಡನೆಂದು ಸಹಿ ಹಾಕಿದವರು

ನಾರಿಚ್ ಊರಿನ ದರ್ಜಿ ಜೇಬೆಜ್ ಲಾರ್ವುಡ್‌ಗೆ ತನ್ನಂಥ ಬುದ್ಧಿವಂತ ಇಡೀ ಇಂಗ್ಲೆಂಡಿನಲ್ಲೇ ಇಲ್ಲವೆಂಬ ನಂಬಿಕೆ ಬಹುಕಾಲ ಇತ್ತು. ಮುದುಕನಾದ ಮೇಲೆ ಬಿಯರ್ ಅಂಗಡಿಯಲ್ಲಿ ಕೂತು ಆ ನಂಬಿಕೆಯ ಮಾನವನ್ನು ತಾನೇ ಹರಾಜಿಗೆ ಹಾಕಿ ನಗುತ್ತಿದ್ದ.

ಈ ಮಹಾನುಭಾವನ ಘನಕಾರ್ಯ ಇಷ್ಟೇ. ಯಜಮಾನ ಥರ್ಟಲ್‌ನ ಹೊಲಿಗೆ ಅಂಗಡಿಯಿಂದ ಕಡುಗೆಂಪು ರೇಷ್ಮೆ ಕದ್ದು ತನಗೊಂದು ವೇಸ್ಟ್‌ಕೋಟು ಹೊಲಿದುಕೊಂಡ. ಅದು ಎಷ್ಟು ಚೆನ್ನಾಗಿ ಬಂತೆಂದರೆ ಪೆಟ್ಟಿಗೆಯಲ್ಲಿಡಲು ಮನಸ್ಸೇ ಬರಲಿಲ್ಲ. ಭಾನುವಾರ ಚರ್ಚಿಗೆ ಹಾಕಿಕೊಂಡು ಹೋಗಿ, ಥರ್ಟಲ್‌ನ ಕಣ್ಣೆದುರೇ ಎದೆಯುಬ್ಬಿಸಿ ಕೂತ. ನ್ಯಾಯಾಧೀಶರು ಏಳು ವರ್ಷ ಸಮುದ್ರದಾಚೆಗೆ ಗಡೀಪಾರು ಎಂದರು. ಹಾಗೆ ಹೋದ ಬಡವರು ತಿರುಗಿ ಬಂದದ್ದನ್ನು ಆ ಬೀದಿಯವರು ಕಂಡಿರಲಿಲ್ಲ.

ಹೆಂಡತಿ ಕೆಜಾಯ ಅಳುತ್ತ ಕೂರಲಿಲ್ಲ. ಪಾದ್ರಿಯ ಕೈಯಲ್ಲಿ ಲಂಡನ್ನಿನ ಮಂತ್ರಿಗಳಿಗೆ ಕ್ಷಮೆಯ ಅರ್ಜಿ ಬರೆಸಿ, ಕಳಿಸುವ ಮೊದಲು ಜೈಲಿಗೆ ತಂದು ತೋರಿಸಿದಳು. ತನ್ನ ಗಂಡ ಹುಟ್ಟಾ ಮಂದಬುದ್ಧಿಯವನು, ತಾನು ಮಾಡುವುದರ ಅರಿವೇ ಅವನಿಗಿಲ್ಲ, ದೊರೆಗಳು ದಯೆ ತೋರಬೇಕು ಎಂದಿತ್ತು ಅದರಲ್ಲಿ.

"ನನ್ನನ್ನ ಪೆದ್ದ ಅಂತ ಬರೆಸಿದ್ದೀಯಲ್ಲೇ" ಎಂದ ಜೇಬೆಜ್.

"ಒಳ್ಳೆಯವನು ಅಂತ ಬರೆಸಿ ಮನೆಮನೆಗೆ ಹೋದೆ. ಒಬ್ಬರೂ ಸಹಿ ಹಾಕ್ಲಿಲ್ಲ. ಪೆದ್ದ ಅಂತ ತಿದ್ದಿಸಿದ್ಮೇಲೆ ನಾ ಮುಂದು ತಾ ಮುಂದು ಅಂತ ಬಂದ್ರು."

ಮೊದಲ ಸಹಿಯೇ ಥರ್ಟಲ್‌ನದು. ಅದರ ಕೆಳಗೆ ಇಡೀ ಬೀದಿ. ಒಬ್ಬನಾದರೂ ಕೊಂಚ ಯೋಚಿಸಬಾರದಿತ್ತೇ ಎಂದು ಜೇಬೆಜ್‌ಗೆ ಹೊಟ್ಟೆ ಉರಿಯಿತು.

ಇದು ನಿಜವೇ ನೋಡಿ ಬರೆಯಿರಿ ಎಂದು ಜೈಲಿನ ಡಾಕ್ಟರಿಗೆ ಲಂಡನ್ನಿನಿಂದ ಆಜ್ಞೆ ಬಂತು. "ಅವರ ಮುಂದೆ ಬಾಯಿ ಮುಚ್ಕೊಂಡಿರು. ನಿನಗೆ ಕೈ ಮುಗೀತೀನಿ" ಎಂದು ಕೆಜಾಯ ಬೇಡಿಕೊಂಡಳು. ಅವನೂ ಆಗಲಿ ಎಂದ. ಆದರೆ ಡಾಕ್ಟರು ಒಳಗೆ ಬಂದದ್ದೇ ತಡ, ಅವರ ಕೋಟಿನ ಭುಜ ಜೋತುಬಿದ್ದಿರುವುದು ಕಣ್ಣಿಗೆ ಬಿತ್ತು. ಮುಗಿಯಿತು ಕಥೆ.

"ಈ ಕೋಟು ಹೊಲಿದವನ್ನ ಇಲ್ಲಿ ಕೂಡಿಹಾಕ್ಬೇಕಿತ್ತು ಡಾಕ್ಟ್ರೇ. ನಾನು ಪೆದ್ದ ಅಲ್ಲ. ಆ ರೇಷ್ಮೆ ಹೇಗೆ ತೆಗೆದೆ ಗೊತ್ತಾ? ಒಂದೇ ಸಲ ಅಲ್ಲ. ಪ್ರತಿ ಗಿರಾಕಿ ಬಟ್ಟೇಲೂ ಅಂಗೈಯಷ್ಟಗಲ ಉಳಿಸ್ದೆ. ಕೋರ್ಟಿನವರಿಗೂ ಇದು ಗೊತ್ತಾಗ್ಲಿಲ್ಲ."

ಡಾಕ್ಟರು ಗಂಭೀರವಾಗಿ ತಲೆಯಾಡಿಸಿದರು. "ಅಷ್ಟೆಲ್ಲ ಜಾಣತನ ಮಾಡಿ, ಯಜಮಾನ ಬರೋ ಚರ್ಚಿಗೇ ಯಾಕಯ್ಯ ಹಾಕ್ಕೊಂಡು ಹೋದೆ?"

"ಮತ್ತೆಲ್ಲಿಗೆ ಹಾಕ್ಕೊಂಡು ಹೋಗ್ಲಿ? ಹೊಲಿಗೆ ಗೊತ್ತಿರೋನು ಊರಲ್ಲಿ ಅವನೊಬ್ಬನೇ ಅಲ್ವಾ?"

ಡಾಕ್ಟರು ಇನ್ನೇನೂ ಕೇಳದೆ ಹೊರಟುಹೋದರು. ತನ್ನ ಬುದ್ಧಿವಂತಿಕೆ ಸಾಬೀತಾಯಿತು, ಅಂದರೆ ಇನ್ನು ಹಡಗೇ ಗತಿ ಎಂದು ಜೇಬೆಜ್‌ಗೆ ಆಗ ಹೊಳೆಯಿತು. ಕೆಜಾಯಳ ಮುಖ ನೆನಪಾಗಿ ಗೋಡೆಗೆ ತಲೆ ಚಚ್ಚಿಕೊಂಡ.

ಹಡಗು ಹೊರಡುವ ಮೊದಲೇ ಕ್ಷಮಾದಾನ ಬಂತು. ಮಂದಬುದ್ಧಿಯ ವಿಷಯದಲ್ಲಿ ಲವಲೇಶವೂ ಸಂಶಯವಿಲ್ಲವೆಂದು ಡಾಕ್ಟರು ಬರೆದಿದ್ದರಂತೆ.

ಜೈಲಿನ ಬಾಗಿಲಲ್ಲಿ ಕೆಜಾಯ ಕಾದಿದ್ದಳು. ಅಲೆದಲೆದು ಅವಳ ಬೂಟಿನ ತಳ ಹರಿದುಹೋಗಿತ್ತು.

"ನಿಜ ಹೇಳು" ಎಂದ ಜೇಬೆಜ್, "ನಾನು ಪೆದ್ದ ಅಂತ ನೀನೂ ನಂಬಿದ್ದೀಯಾ?"

"ನೀನು ಬುದ್ಧಿವಂತನಾಗಿದ್ರೆ, ಎಲ್ಲಿದ್ರೂ ಹೇಗೋ ಬದುಕ್ಕೋತಾನೆ ಅಂತ ಸುಮ್ಮನಿರ್ತಿದ್ದೆ. ನಿನ್ನನ್ನ ಆ ಸಮುದ್ರದಾಚೆ ಯಾರು ನೋಡ್ಕೋತಿದ್ರು?"

ಜೇಬೆಜ್ ಅವಳ ಕೈಯಿಂದ ಬುಟ್ಟಿ ತೆಗೆದುಕೊಂಡು, ಮನೆ ಬರುವ ತನಕ ತುಟಿಪಿಟಕ್ಕೆನ್ನದೆ ಅವಳ ಹಿಂದೆ ನಡೆದ.